ಸಮ ತಪ್ಪಿದರೆ ಕೂಸಿಗೂ ಗೊತ್ತಾಗುತ್ತದೆ

ಎರಡು ಮೂರು ದಿನದ ಕೂಸಿಗೆ ಸಂಗೀತ ಏನು ತಿಳಿದೀತು ಅಂತ ಕೇಳುವವರಿಗೆ ನಾನು ಹಂಗೇರಿಯ ಬುಡಾಪೆಸ್ಟ್‌ನ ಪ್ರಯೋಗದ ಬಗ್ಗೆ ಹೇಳುತ್ತೇನೆ. 2009ರಲ್ಲಿ ಪ್ರಕಟವಾದದ್ದು, ವಿಜ್ಞಾನಿ ಇಸ್ಟ್ವಾನ್ ವಿಂಕ್ಲರ್ ತಂಡದ್ದು. ನಿದ್ದೆ ಮಾಡುತ್ತಿದ್ದ ಶಿಶುಗಳ ಪುಟ್ಟ ತಲೆಗೆ ಮಿದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ವೈರು ಅಂಟಿಸಿ, ರಾಕ್ ಸಂಗೀತದ ಡ್ರಮ್ ತಾಳ ಕೇಳಿಸಿದರು. ನಡುವಿನ ಯಾವುದೋ ಸಣ್ಣ ಪೆಟ್ಟು ಬಿಟ್ಟಾಗ ವಿಶೇಷ ಏನಿಲ್ಲ. ಆದರೆ ಆವರ್ತದ, ಅಂದರೆ ತಾಳದ ಒಂದು ಸುತ್ತಿನ, ಮೊದಲ ಪೆಟ್ಟನ್ನೇ, ಅದೇ ನಮ್ಮವರು ಸಮ ಅನ್ನುತ್ತಾರಲ್ಲ, ಅದನ್ನು ನುಂಗಿಹಾಕಿದಾಗ ಮಿದುಳಿನ ಅಲೆ ಥಟ್ಟನೆ ಬದಲಾಯಿತು. ನಿದ್ದೆಯಲ್ಲೇ! ಕಛೇರಿಯಲ್ಲಿ ಮುಂದಿನ ಸಾಲಲ್ಲಿ ಕೂತು ತಪ್ಪು ತಾಳ ಹಾಕುವ ನಮ್ಮ ಮಾವನಿಗಿಂತ ವಾಸಿ.

ಇದೆಲ್ಲ ಹೊಟ್ಟೆಯೊಳಗೇ ಶುರು. ಸುಮಾರು ಆರು ತಿಂಗಳ ಹೊತ್ತಿಗೆ ಕಿವಿ ಕೇಳಿಸತೊಡಗುತ್ತದೆ, ಆದರೆ ಕೀಚಲು ಸದ್ದು ಒಳಗೆ ತಲುಪೋದು ಕಡಿಮೆ, ತಗ್ಗಿನ ಸದ್ದು ಮತ್ತು ಅಮ್ಮನ ಮಾತಿನ ಏರಿಳಿತ ಜಾಸ್ತಿ.

ಹಾಗಂತ ಬಸುರಿ ಹೊಟ್ಟೆಗೆ ಹೆಡ್‌ಫೋನ್ ಕಟ್ಟಬೇಡಿ. ಮೊಜಾರ್ಟ್ ಕೇಳಿಸಿದರೆ ಮಗು ಬುದ್ಧಿವಂತ ಆಗುತ್ತದೆ ಅನ್ನುವ ಮಾತು ಹುಟ್ಟಿದ್ದೇ 1993ರ ಒಂದು ಅಧ್ಯಯನದಿಂದ. ಅದರಲ್ಲಿ ಮಕ್ಕಳೇ ಇರಲಿಲ್ಲ, ಇದ್ದವರು ಕಾಲೇಜು ಹುಡುಗ ಹುಡುಗಿಯರು. ಅವರಿಗೂ ಆ ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ ಅಷ್ಟೇ.