ಮಳೆಗಾಲದಲ್ಲಿ ಪಾರ್ಟಿಷನ್

ಜಮೀನು ಇರೋ ಮನೆಯಲ್ಲಿ ಪಾರ್ಟಿಷನ್ ಅನ್ನೋ ಮಾತನ್ನು ಜೋರಾಗಿ ಆಡಬಾರದು. ನನಗೆ ಅಷ್ಟು ತಿಳಿಯಬೇಕಿತ್ತು. 2025ರ ಜುಲೈ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ. ಪುನರ್ವಸು ಮಳೆ ಬಿಡದೆ ಹೊಡೆಯುತ್ತಿತ್ತು. ಅಡಿಕೆಗೆ ಕೊಳೆರೋಗದ ಔಷಧಿಯ ಎರಡನೇ ಸುತ್ತು ಬಾಕಿ ಇತ್ತು. ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟುಕೊಂಡು ಅಪ್ಪಯ್ಯ ಜಗಲಿಯಲ್ಲಿ ಕೂತು ಮಳೆ ಹೊಳವಾಗುವುದನ್ನೇ ಕಾಯುತ್ತಿದ್ದರು. ನಾನು ಒಳಗಿಂದ ಶಿವಮೊಗ್ಗದ ಗೆಳೆಯನಿಗೆ ಫೋನಿನಲ್ಲಿ ಹೇಳುತ್ತಿದ್ದೆ: "ರೂಟಿಗೆ ಜಾಗವೇ ಇಲ್ಲ ಮಾರಾಯ, ಹೋಮ್ ಪೂರ್ತಿ ಹರಡಿಕೊಂಡು ಕೂತಿದೆ. ಪಾರ್ಟಿಷನ್ ಸರಿ ಮಾಡದೆ ಬೇರೆ ದಾರಿ ಇಲ್ಲ." ಹೆಂಚಿನ ಮೇಲೆ ಮಳೆ ಸದ್ದು ಜಾಸ್ತಿ ಇತ್ತಲ್ಲ, ಸ್ವಲ್ಪ ಕೂಗಿಯೇ ಹೇಳಿದೆ.

ಫೋನ್ ಇಡುವಷ್ಟರಲ್ಲಿ ಅಪ್ಪಯ್ಯ ಬಾಗಿಲಲ್ಲಿ ನಿಂತಿದ್ದರು. "ಎಂತದಾ ಪಾರ್ಟಿಷನ್ನು? ತಮ್ಮ ಏನಾದ್ರೂ ಹೇಳಿದ್ನಾ?"

ತಮ್ಮ ಬೆಂಗಳೂರಿನಲ್ಲಿದ್ದಾನೆ. ತೋಟದ ಗಡಿ ಎಲ್ಲಿ ಮುಗಿಯುತ್ತದೆ ಅಂತಲೂ ಅವನಿಗೆ ಸರಿಯಾಗಿ ಗೊತ್ತಿಲ್ಲ, ಪಾಪ.

"ಕಂಪ್ಯೂಟರಿಂದು ಅಪ್ಪಯ್ಯ" ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಈ ಕಂಪ್ಯೂಟರ್ 2018ರಲ್ಲಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಜೋಡಿಸಿಕೊಂಡು ತಂದಿದ್ದು. ಅನುವಾದ, ಅಕ್ಷರ ಜೋಡಣೆ ನನ್ನ ಕೆಲಸ, ಅದಕ್ಕೆ ಇದು ಸಾಕು. ಒಂದು ಟಿಬಿ ಹಾರ್ಡ್ ಡಿಸ್ಕ್. ಒಂದು ಟಿಬಿ ಅಂತ ಕೊಟ್ಟರೂ ತೆರೆದು ನೋಡಿದರೆ 931 ಅಂತ ತೋರಿಸುತ್ತದೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರ್ 1024ರ ಲೆಕ್ಕ ಹಿಡಿಯುತ್ತದೆ, ಅಷ್ಟೆ. ಹಸಿ ಅಡಿಕೆ ತೂಗಿ ಒಣ ಅಡಿಕೆ ತೂಕ ಬರೋ ಮನೆಯವರಿಗೆ ಇದೇನು ದೊಡ್ಡ ಆಘಾತ ಅಲ್ಲ.

ಆಗ ಉಬುಂಟು 18.04 (ವಿಂಡೋಸ್ ಹಾಗೆ ಕಂಪ್ಯೂಟರ್ ನಡೆಸುವ ಸಿಸ್ಟಮ್, ನಂಬರ್ ಅದರ ಆವೃತ್ತಿಯದ್ದು) ಹಾಕುವಾಗ ಡಿಸ್ಕನ್ನು ನಾನೇ ಕೈಯಾರೆ ಪಾಲು ಮಾಡಿ ಹಂಚಿದ್ದೆ, ಪಾರ್ಟಿಷನ್ ಅಂದರೆ ಆ ಪಾಲು. ಯಾವುದೋ ಹಳೇ ಕಾಲದ ಸಲಹೆ ಓದಿಕೊಂಡು ಸಿಸ್ಟಮ್ ಕೂರುವ ರೂಟಿಗೆ 25 ಜಿಬಿ ಕೊಟ್ಟೆ. ಅದರ ಪಕ್ಕ, ಮೆಮೊರಿ ಸಾಲದಾಗ ಬಳಕೆಗೆ ಬರೋ ಸ್ವಾಪಿಗೆ 8 ಜಿಬಿ, ರ‍್ಯಾಮಿನ ಎರಡರಷ್ಟು ಇರಬೇಕು ಅಂತ. ಉಳಿದದ್ದೆಲ್ಲ ನಮ್ಮ ಫೈಲುಗಳಿರುವ ಹೋಮಿಗೆ. ಸಿಸ್ಟಮ್ ಒಂದು ಕಡೆ, ನಮ್ಮ ಫೈಲುಗಳು ಇನ್ನೊಂದು ಕಡೆ ಇದ್ದರೆ ನಾಳೆ ಸಿಸ್ಟಮ್ ಅಳಿಸಿ ಹೊಸದು ಹಾಕಿದರೂ ಫೋಟೋ, ಲೆಕ್ಕ, ಪತ್ರ ಎಲ್ಲ ಹಾಗೇ ಉಳಿಯುತ್ತವೆ. ಆ ಮಾತು ಇವತ್ತಿಗೂ ಸರಿಯೇ. ನಾನು ಎಡವಿದ್ದು ಅಳತೆಯಲ್ಲಿ. ಇನ್ನೂ ತಮಾಷೆ ಅಂದರೆ ಉಬುಂಟು 17.04ರಿಂದಲೇ ಸ್ವಾಪಿಗೆ ಬೇರೆ ಪಾರ್ಟಿಷನ್ ಕೇಳುತ್ತಿರಲಿಲ್ಲ, ರೂಟಿನೊಳಗೇ ಒಂದು ಫೈಲ್ ಮಾಡಿಕೊಂಡು ಸುಧಾರಿಸುತ್ತಿತ್ತು. ನಾನೇ ಬುದ್ಧಿವಂತಿಕೆ ಮಾಡಲು ಹೋಗಿ ಮಧ್ಯದಲ್ಲಿ ಒಂದು ಬೇಲಿ ಹಾಕಿಟ್ಟಿದ್ದೆ.

20.04ಕ್ಕೆ ಬರುವಾಗ ಹೇಗೋ ತೂರಿಕೊಂಡು ಬಂದೆ. ಅಲ್ಲಿಂದ ಐದು ವರ್ಷ ಸುಮ್ನೆ ಇದ್ದೆ. 20.04ರ ಐದು ವರ್ಷದ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯಿತು. ಉಬುಂಟು ಪ್ರೋ ಅಂತ ಒಂದು ಯೋಜನೆ ಇದೆ, ಮನೆ ಬಳಕೆಗೆ ಐದು ಕಂಪ್ಯೂಟರಿನ ತನಕ ದುಡ್ಡಿಲ್ಲ, ನೋಂದಣಿ ಮಾಡಿಕೊಂಡಿದ್ದರೆ ಹಳೆಯದರಲ್ಲೇ ಇನ್ನೂ ಐದು ವರ್ಷ ತಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಬರೆಯೋ ಕೆಲಸಕ್ಕೆ ಹೊಸ ಲಿಬ್ರೆ ಆಫೀಸ್ ಬೇಕಿತ್ತು ನನಗೆ.

20.04ರಿಂದ 24.04ಕ್ಕೆ ನೇರ ಹಾರುವ ಹಾಗಿಲ್ಲ. ಮೊದಲು 22.04, ಆಮೇಲೆ 24.04. ಅಪ್‌ಗ್ರೇಡ್ ಶುರು ಮಾಡಿದರೆ ಎರಡೇ ನಿಮಿಷಕ್ಕೆ ನಿಂತಿತು. ರೂಟಿನಲ್ಲಿ ಜಾಗ ಸಾಲದು, ಇಷ್ಟು ಜಿಬಿ ಖಾಲಿ ಮಾಡಿ ಬನ್ನಿ ಅಂತ ಲೆಕ್ಕ ಸಮೇತ ಹೇಳಿತು.

ಖಾಲಿ ಮಾಡಲು ಒಂದು ಇಡೀ ಸಂಜೆ ಕೂತೆ. ಇಳಿಸಿಟ್ಟ ಹಳೇ ಪ್ಯಾಕೇಜುಗಳನ್ನು ತೆಗೆದೆ. ಹಳೇ ಕರ್ನಲ್‌ಗಳನ್ನು ಕಳಿಸಿದೆ. ಲಾಗ್ ಫೈಲುಗಳನ್ನು ಕತ್ತರಿಸಿದೆ. ಆಪ್ ಹಾಕಿಕೊಡುವ ಸ್ನ್ಯಾಪ್ ಅನ್ನೋ ವ್ಯವಸ್ಥೆ ಅಂತೂ ಪ್ರತಿ ಆಪ್‌ನ ಹಳೇ ಆವೃತ್ತಿಯನ್ನೂ ಪಕ್ಕದಲ್ಲಿ ಇಟ್ಟುಕೊಂಡಿರುತ್ತದೆ, ಹಳೇ ಡಬ್ಬ ಎಸೆಯದ ನಮ್ಮ ಅಮ್ಮನ ಹಾಗೆ. ಎಲ್ಲ ಸೇರಿ ನಾಲ್ಕು ಜಿಬಿ ಸಿಕ್ಕಿತು. ಆದರೂ ಸಾಲಲಿಲ್ಲ. ಅತ್ತ ಹೋಮಿನಲ್ಲಿ ಆರುನೂರು ಜಿಬಿ ಬೀಳು ಬಿದ್ದಿದೆ!

ಅಪ್ಪಯ್ಯನ ಅನುಮಾನ ಹೋಗಲಿ ಅಂತ ಅವರನ್ನೇ ಕೂರಿಸಿಕೊಂಡು ಹೇಳಿದೆ. ಕೈಗೆ ಸಿಕ್ಕಿದ್ದು ಸೊಸೈಟಿಯ ಗೊಬ್ಬರದ ರಶೀದಿ. ಅದರ ಹಿಂದೆ ಉದ್ದಕ್ಕೆ ಒಂದು ಪಟ್ಟಿ ಎಳೆದೆ. ಎಡಗಡೆ ರೂಟ್, ಮಧ್ಯ ಸ್ವಾಪ್, ಬಲಗಡೆ ಹೋಮ್. ರೂಟಿಗೆ ಜಾಗ ಬೇಕು, ಖಾಲಿ ಇರೋದು ಹೋಮಿನಲ್ಲಿ.

ಸರ್ವೆ, ಪೋಡಿ, ಹದ್ದುಬಸ್ತು ಅಂತ ಅರ್ಧ ಆಯುಷ್ಯ ಕಳೆದವರು ಅಪ್ಪಯ್ಯ. ಒಂದು ಸಲ ನೋಡಿ, "ನಡುವಿನವನನ್ನು ಮೊದಲು ಎಬ್ಬಿಸ್ಬೇಕು" ಅಂದರು.

"ಹೌದು. ಸ್ವಾಪ್ ತೆಗೆದುಬಿಡ್ತೇನೆ. ಅದರಲ್ಲಿ ಎಂತದೂ ಇಲ್ಲ."

"ಮತ್ತೆ ಹೋಮಿನ ಬೇಲಿ ಈಚೆಗೆ ಸರಿಸಿದ್ರೆ ಆಯ್ತಲ್ಲ?"

ಅಲ್ಲೇ ಇರೋದು ತೊಡಕು. ಹೋಮಿನ ಬಲಗಡೆಯ ತುದಿ ಕತ್ತರಿಸುವುದು ಸುಲಭ, ನಿಮಿಷಗಳ ಕೆಲಸ. ಎಡಗಡೆ ಕತ್ತರಿಸಬೇಕು ಅಂದರೆ ಬರೀ ಬೇಲಿ ಸರಿಸಿದರೆ ಆಗುವುದಿಲ್ಲ. ಫೈಲ್ ಸಿಸ್ಟಮ್ ತನ್ನ ಲೆಕ್ಕವನ್ನೆಲ್ಲ ಪಾರ್ಟಿಷನ್ ಶುರುವಾಗುವ ಜಾಗದಿಂದ ಎಣಿಸುತ್ತದೆ. ಶುರುವೇ ಸರಿದರೆ ಒಳಗಿರುವುದೆಲ್ಲ ಅಷ್ಟೇ ದೂರ ಸರಿಯಬೇಕು. "ತೋಟದ ಪ್ರತಿ ಗಿಡ ಕಿತ್ತು, ಅದೇ ಸಾಲಿನಲ್ಲಿ, ಅದೇ ಅಂತರದಲ್ಲಿ ಆಚೆ ನೆಡೋ ಹಾಗೆ" ಅಂದೆ.

"ಅರ್ಧ ಕಿತ್ತಾಗ ಕರೆಂಟ್ ಹೋದ್ರೆ?"

ನಾನು ಮಾತಾಡಲಿಲ್ಲ. ಅಪ್ಪಯ್ಯ ಹೊರಗೆ ಮಳೆ ನೋಡಿದರು.

ನಾನೂ ಪೂರ್ತಿ ದಡ್ಡನಲ್ಲ ಅನ್ನಿ. ಹಿಂದಿನ ದಿನವೇ ಮುಖ್ಯವಾದದ್ದನ್ನೆಲ್ಲ ಹೊರಗಿನ ಡಿಸ್ಕಿಗೆ ಹಾಕಿಕೊಂಡಿದ್ದೆ. ಹಾಕುವಾಗ ಗೊತ್ತಾಯಿತು, ಒಂದೇ ಮದುವೆಯ ಫೋಟೋಗಳು ಮೂರು ಕಡೆ ಇದ್ದವು: ಫೋಟೋಸ್, ಫೋಟೋಸ್ ಹೊಸದು, ಫೋಟೋಸ್ ಹೊಸದು ಸರಿಯಾದ್ದು. ಹೊರಗಿನ ಡಿಸ್ಕ್ ಚಿಕ್ಕದು, ಹೋಮಿನಲ್ಲಿದ್ದ 300 ಜಿಬಿ ಪೂರ್ತಿ ಹಿಡಿಯಲಿಲ್ಲ. ಸಿನಿಮಾ, ಯಕ್ಷಗಾನದ ರೆಕಾರ್ಡಿಂಗುಗಳೆಲ್ಲ ದೇವರ ಮೇಲೆ ಭಾರ ಹಾಕಿ ಅಲ್ಲೇ ಬಿಟ್ಟೆ.

ಇನ್ನು ಇನ್ವರ್ಟರ್. ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಬಹಳ ಜನ ಅದನ್ನು ನೋಡಿರುವುದೇ ಇಲ್ಲ. ಒಂದು ಕಡೆ ನಾರ್ಮಲ್, ಇನ್ನೊಂದು ಕಡೆ ಯುಪಿಎಸ್. ನಾರ್ಮಲ್‌ನಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವಾಗ ಒಂಚೂರು ತಡ. ಲೈಟು ಕಣ್ಣು ಮಿಟುಕಿಸುತ್ತದೆ ಅಷ್ಟೆ, ಆದರೆ ಕಂಪ್ಯೂಟರ್ ಆರಿ ಹೊತ್ತಿಕೊಳ್ಳಬಹುದು. ವರ್ಷಗಟ್ಟಲೆ ನಮ್ಮ ಮನೆಯಲ್ಲಿ ಅದು ನಾರ್ಮಲ್‌ನಲ್ಲೇ ಇತ್ತು. ಆವತ್ತು ಯುಪಿಎಸ್ ಕಡೆಗೆ ಒತ್ತಿ, ಮೇನ್ ಸ್ವಿಚ್ ನಾನೇ ಎರಡು ಸಲ ಇಳಿಸಿ ಏರಿಸಿ ನೋಡಿದೆ. ಕಂಪ್ಯೂಟರ್ ಅಲುಗಾಡಲಿಲ್ಲ.

ಊಟ ಮುಗಿಸಿ ಮೂರು ಗಂಟೆಗೆ ಪಾರ್ಟಿಷನ್ ಸರಿಸುವ ಜಿಪಾರ್ಟೆಡ್ ಲೈವ್ ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿದೆ. ಓಡುತ್ತಿರುವ ಸಿಸ್ಟಮ್ಮಿನ ಪಾರ್ಟಿಷನ್ ಸರಿಸಲು ಬರುವುದಿಲ್ಲ, ಕೂತ ಕೊಂಬೆ ಕಡಿದ ಹಾಗಾಗುತ್ತದೆ, ಅದಕ್ಕೇ ಪೆನ್‌ಡ್ರೈವ್. ಸ್ವಾಪ್ ಅಳಿಸಿದೆ. ಹೋಮಿನ ಎಡ ಅಂಚು ಹಿಡಿದು ಬಲಕ್ಕೆ ಎಳೆದೆ. ಬೂಟ್ ಆಗದೇ ಹೋದೀತು ಅಂತ ಒಂದು ಎಚ್ಚರಿಕೆ ಬಂತು, ಓದಿ ಸರಿ ಅಂದೆ. ಹಸಿರು ಗುರುತು ಒತ್ತುವ ತನಕ ಏನೂ ಆಗಿರುವುದಿಲ್ಲ, ಬರೀ ಚಿತ್ರ ಅಷ್ಟೆ. ಒತ್ತುವಾಗ ಕೈ ಸ್ವಲ್ಪ ತಡೆಯಿತು ಅಂತ ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಹಾರ್ಡ್ ಡಿಸ್ಕ್ ಕರಕರ ಅನ್ನಲು ಶುರು ಮಾಡಿತು. ಒಂದೇ ಡಿಸ್ಕಿನಲ್ಲಿ ಇಲ್ಲಿಂದ ಓದಿ ಅಲ್ಲಿ ಬರೆಯಬೇಕಲ್ಲ, ಸೂಜಿ ಓಡಾಡಿ ಓಡಾಡಿ ಸುಸ್ತಾಗಬೇಕು. ಉಳಿದ ಸಮಯ ಅಂತ ತೋರಿಸುವ ಲೆಕ್ಕ ಒಮ್ಮೆ ಮೂರು ಗಂಟೆ, ಒಮ್ಮೆ ಐದು ಗಂಟೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಕರೆಂಟ್ ಹೋಯಿತು.

ಕಂಪ್ಯೂಟರ್ ಓಡುತ್ತಲೇ ಇತ್ತು. ನನ್ನ ಎದೆ ನಿಂತಿತ್ತು. ನಮ್ಮದು 150 ಆಂಪಿಯರ್-ಅವರ್ ಬ್ಯಾಟರಿ, 12 ವೋಲ್ಟ್, ಲೆಕ್ಕದ ಪ್ರಕಾರ 1800 ವಾಟ್-ಅವರ್. ಬ್ಯಾಟರಿ ಹಳೆಯದು, ಅರ್ಧ ಹಿಡಿಯೋಣ. ಕಂಪ್ಯೂಟರಿಗೆ ನೂರು ವಾಟ್ ಅಂದುಕೊಂಡರೂ ಒಂಬತ್ತು ಗಂಟೆ ಬರಬೇಕು. ಆದರೆ ಹಿಂದಿನ ರಾತ್ರಿಯೂ ಕರೆಂಟ್ ಇರಲಿಲ್ಲ, ಬ್ಯಾಟರಿ ಪೂರ್ತಿ ತುಂಬಿರಲಿಲ್ಲ. ಇನ್ವರ್ಟರಿನ ನಾಲ್ಕು ದೀಪಗಳಲ್ಲಿ ಎರಡೇ ಉರಿಯುತ್ತಿದ್ದವು.

ಮೊದಲು ಮಾನಿಟರ್ ಆರಿಸಿದೆ. ಅಷ್ಟರಲ್ಲಿ ಅಪ್ಪಯ್ಯ ಮನೆಯೆಲ್ಲ ಸುತ್ತಿ ಒಂದೊಂದೇ ಸ್ವಿಚ್ ಆರಿಸುತ್ತ ಬಂದರು, ಯಾರೂ ಹೇಳದೆ. ಫ್ಯಾನು, ಲೈಟು, ಟಿವಿ, ವೈಫೈ ಡಬ್ಬ. ಅಮ್ಮ ಅಡುಗೆಮನೆಯಲ್ಲಿ ಲ್ಯಾಟೀನು ಹಚ್ಚಿಕೊಂಡರು. ಅವರ ಏಳು ಗಂಟೆಯ ಧಾರಾವಾಹಿ ಹೋಯಿತು. "ಒಂದು ದಿನ ನೋಡದಿದ್ರೆ ಎಂತ, ಅವಳು ನಾಳೆಯೂ ಅಳ್ತಿರ್ತಾಳೆ" ಅಂದರು.

ಕತ್ತಲಲ್ಲಿ ಮೂರೂ ಜನ ಕೂತೆವು. ಹೊರಗೆ ಕಪ್ಪೆ, ಮಳೆ. ಒಳಗೆ ಡಿಸ್ಕಿನ ಕರಕರ, ಡಬ್ಬದ ಮೇಲೆ ಮಿಣುಕುವ ಒಂದು ಕೆಂಪು ದೀಪ. ಅರ್ಧ ಗಂಟೆಗೊಮ್ಮೆ ಮಾನಿಟರ್ ಹಚ್ಚಿ ನೋಡಿ ಆರಿಸುತ್ತಿದ್ದೆ. ಪ್ರತಿ ಸಲವೂ ಅಪ್ಪಯ್ಯನದ್ದು ಒಂದೇ ಪ್ರಶ್ನೆ: "ಇನ್ನೆಷ್ಟು ಗಿಡ ಬಾಕಿ?"

"ನೂರಾ ಇಪ್ಪತ್ತು ಜಿಬಿ."

ಮತ್ತೆ ಸ್ವಲ್ಪ ಹೊತ್ತಿಗೆ, "ಈಗ?"

"ಎಪ್ಪತ್ತು."

ಆರೂವರೆಗೆ ಇನ್ವರ್ಟರಿನಲ್ಲಿ ಒಂದೇ ದೀಪ ಉಳಿಯಿತು. ಆಮೇಲೆ ನಾನು ಇನ್ವರ್ಟರ್ ಕಡೆ ನೋಡಲೇ ಇಲ್ಲ. ಏಳೂವರೆಗೆ ಸದ್ದು ನಿಂತಿತು. ಮುಗಿದು ನಿಂತಿತೋ, ಸತ್ತು ನಿಂತಿತೋ ಅಂತ ಮಾನಿಟರ್ ಹಚ್ಚಿದರೆ ಎಲ್ಲದಕ್ಕೂ ಹಸಿರು ಗುರುತು ಬಿದ್ದಿತ್ತು. ರೂಟನ್ನು ಹಿಗ್ಗಿಸುವುದು ಎರಡು ನಿಮಿಷಕ್ಕೆ ಆಗಿಹೋಯಿತು. 25 ಇದ್ದದ್ದು ನೂರು. ಕಂಪ್ಯೂಟರ್ ಆರಿಸಿ, ಮನೆ ಲೈಟು ಒಂದು ಹಚ್ಚಿ, ಅನ್ನ ಸಾರು ಉಂಡೆವು.

ಗೆಳೆಯನಿಗೆ ರಾತ್ರಿಯೇ ಹೇಳಿದೆ. ಅವನು ಪೂರ್ತಿ ಕೇಳಿ, "ಹೋಮಿನ ಬಾಲ ನೂರು ಜಿಬಿ ಕತ್ತರಿಸಿ, ಆ ತುದಿಯಲ್ಲೇ ಹೊಸ ರೂಟ್ ಮಾಡಿ 24.04 ಹೊಸದಾಗಿ ಹಾಕಿ, ಹಳೇ ಹೋಮನ್ನೇ ತೋರಿಸಿದ್ರೆ ಆಗ್ತಿತ್ತಲ್ಲ. ಒಂದು ಗಿಡವನ್ನೂ ಕೀಳ್ಬೇಕಿರ್ಲಿಲ್ಲ" ಅಂದ. ರೂಟ್ ಡಿಸ್ಕಿನ ಮೊದಲಲ್ಲೇ ಇರಬೇಕು ಅಂತ ಯಾವ ಕಾನೂನೂ ಇಲ್ಲ, ನಿಜ. ಇದನ್ನು ಮಧ್ಯಾಹ್ನ ಹೇಳಲು ಅವನಿಗೇನಾಗಿತ್ತು ಗೊತ್ತಿಲ್ಲ. ಅಪ್ಪಯ್ಯನಿಗೆ ಇವತ್ತಿನ ತನಕ ಹೇಳಿಲ್ಲ.

ಬೆಳಿಗ್ಗೆ ಕರೆಂಟ್ ಬಂದಿತ್ತು. ಬೂಟ್ ಮಾಡಿದೆ. ಲೋಗೋ ಬಂತು, ಅಲ್ಲೇ ನಿಂತಿತು. ಎಸ್ಕೇಪ್ ಒತ್ತಿದರೆ ಕಪ್ಪು ಪರದೆಯಲ್ಲಿ ಮೂರು ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಪಕ್ಕದಲ್ಲಿ ಒಂದೂವರೆ ನಿಮಿಷದ ಗಡುವು, ಸೆಕೆಂಡ್ ಎಣಿಕೆ. ಯಾವುದೋ ಉದ್ದನೆ ನಂಬರಿನ ಪಾರ್ಟಿಷನ್ನಿಗಾಗಿ ಕಾಯುತ್ತಿದೆ. ಗಡುವು ಮುಗಿದ ಮೇಲೆ ಏನೂ ಆಗದವರ ಹಾಗೆ ಡೆಸ್ಕ್‌ಟಾಪ್ ಬಂತು.

ತಲೆಗೆ ಹೊಳೆಯಲು ಒಂದು ಕಾಫಿ ಬೇಕಾಯಿತು. ಪ್ರತಿ ಪಾರ್ಟಿಷನ್ನಿಗೂ ಒಂದು ಯುಯುಐಡಿ ಇರುತ್ತದೆ, ಸರ್ವೆ ನಂಬರಿನ ಹಾಗೆ. ಯಾವ ನಂಬರ್ ಎಲ್ಲಿ ಸೇರಬೇಕು ಅಂತ ಎಫ್‌ಎಸ್‌ಟ್ಯಾಬ್ ಅನ್ನೋ ಫೈಲಿನಲ್ಲಿ ಬರೆದಿರುತ್ತದೆ. ನೆಲದಲ್ಲಿ ಸ್ವಾಪ್ ಇಲ್ಲ, ಪಹಣಿಯಲ್ಲಿ ಹೆಸರು ಇನ್ನೂ ಇದೆ! ಆ ಸಾಲಿನ ಮುಂದೆ ಒಂದು ಹ್ಯಾಷ್ ಗುರುತು ಹಾಕಿದೆ, ಸಿಸ್ಟಮ್ ಅದನ್ನು ಓದದ ಹಾಗೆ. ಹೈಬರ್ನೇಟ್‌ಗೆ ಅಂತ ರಿಸ್ಯೂಮ್ ಅನ್ನೋ ಇನ್ನೊಂದು ಫೈಲಿನಲ್ಲೂ ಅದೇ ನಂಬರ್ ಅಡಗಿ ಕೂತಿರುತ್ತದೆ, ಅದನ್ನೂ ತೆಗೆದು, ಬೂಟ್ ಶುರುವಾಗುವಾಗ ಬೇಕಾಗುವ ಇನಿಟ್ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿಸಿದೆ. 4 ಜಿಬಿಯ ಸ್ವಾಪ್ ಫೈಲ್ ಒಂದನ್ನು ರೂಟಿನಲ್ಲೇ ಮಾಡಿದೆ. ಮುಂದಿನ ಬೂಟ್ ಸಲೀಸು.

ಅದಾದ ಮೇಲೆ ಅಪ್‌ಗ್ರೇಡ್ ಅನ್ನೋದು ದೊಡ್ಡ ಕತೆಯೇ ಅಲ್ಲ. ಆವತ್ತು ಮಳೆ ಹೊಳವಾಗಿತ್ತು. ಅಪ್ಪಯ್ಯ ಔಷಧಿ ಹೊಡೆಸಲು ತೋಟಕ್ಕೆ ಹೋದರು, ನಾನು 22.04ಕ್ಕೆ ಹೋದೆ. ಮಧ್ಯೆ ಎಲ್ಲೋ ಮರ ಬಿದ್ದು ನೆಟ್ ಹೋಯಿತು. ಬಂದ ಮೇಲೆ ಮತ್ತೆ ಶುರು ಮಾಡಿದರೆ, ಇಳಿಸಿಕೊಂಡಿದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಇಳಿಸಿಕೊಂಡಿತು. ನಾನು ಬದಲಿಸಿದ್ದ ಸೆಟ್ಟಿಂಗ್ ಫೈಲುಗಳನ್ನು ಇಟ್ಟುಕೊಳ್ಳಲಾ, ಹೊಸದು ಹಾಕಲಾ ಅಂತ ಎರಡು ಮೂರು ಸಲ ಕೇಳಿತು, ಇಟ್ಟುಕೋ ಅಂದೆ. ಫೈರ್‌ಫಾಕ್ಸ್ 22.04ರಿಂದ ಸ್ನ್ಯಾಪ್ ಆಗಿ ಬರುತ್ತದೆ. ಈ ಹಳೇ ಡಿಸ್ಕಿನಲ್ಲಿ ಅದು ಮೊದಲ ಸಲ ತೆರೆದುಕೊಳ್ಳುವಷ್ಟರಲ್ಲಿ ಬಚ್ಚಲ ಒಲೆಗೆ ಎರಡು ಸಲ ಬೆಂಕಿ ಮುಂದೂಡಿ ಬಂದೆ. ನನಗೆ ಇದೊಂದು ಹಿಡಿಸಲಿಲ್ಲ. ಎರಡು ದಿನ ಬಿಟ್ಟು 24.04.

ಎಲ್ಲ ಮುಗಿದ ಮೇಲೆ ನಾನು ಮಾಡುವ ಪರೀಕ್ಷೆ ಒಂದೇ. ಲಿಬ್ರೆ ಆಫೀಸ್ ತೆರೆದು, ಗುಬ್ಬಿ ಫಾಂಟಿನಲ್ಲಿ ಒಮ್ಮೆ, ನವಿಲು ಫಾಂಟಿನಲ್ಲಿ ಒಮ್ಮೆ "ತೀರ್ಥಹಳ್ಳಿ" ಅಂತ ಟೈಪ್ ಮಾಡುತ್ತೇನೆ. ಥಕಾರದ ಬಲಕ್ಕೆ ಅರ್ಕಾವತ್ತು ಸರಿಯಾಗಿ ಕೂತು, ಳಕಾರದ ಕೆಳಗೆ ಒತ್ತು ನೆಟ್ಟಗೆ ಬಿದ್ದರೆ ಕನ್ನಡ ಸುಖವಾಗಿದೆ ಅಂತ ಅರ್ಥ. ಎರಡೂ ಸರಿಯಾಗಿ ಬಂದವು.

ಸಂಜೆ ಅಪ್ಪಯ್ಯ ರಶೀದಿ ಎಲ್ಲಿ ಅಂತ ಹುಡುಕುತ್ತ ಬಂದರು, ಗೊಬ್ಬರದ ಲೆಕ್ಕಕ್ಕೆ ಬೇಕಂತೆ. ಕೀಬೋರ್ಡಿನ ಅಡಿಯಿಂದ ತೆಗೆದುಕೊಟ್ಟೆ. ತಿರುಗಿಸಿ ನಕ್ಷೆ ನೋಡಿದರು. ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು, ಸ್ವಾಪ್ ಅಂತ ಬರೆದದ್ದರ ಮೇಲೆ ಒಂದು ಗೀಟು ಎಳೆದರು. ಈಗ ಅದು ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ, ಪಹಣಿಗಳ ಕಡತದಲ್ಲಿದೆ.