ಪ್ಲಸ್ ಟು ಆಯಿತು, ಬಿ.ಎಸ್ಸಿ. ಕೆಮಿಸ್ಟ್ರಿಗೆ ಕಣ್ಣೂರೋ ಮಂಗಳೂರೋ?

ಪ್ಲಸ್ ಟು ಫಲಿತಾಂಶ ಬಂದ ವಾರದಿಂದ ಕಾಸರಗೋಡಿನ ಕನ್ನಡದ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಇದು: "ಮಾಷ್ಟ್ರೇ, ಹುಡುಗಿಗೆ ಕೆಮಿಸ್ಟ್ರಿಯಲ್ಲಿ ಒಳ್ಳೆ ಮಾರ್ಕು ಉಂಟು. ಇಲ್ಲೇ ಕಣ್ಣೂರು ಯೂನಿವರ್ಸಿಟಿಯ ಕಾಲೇಜಿಗೆ ಹಾಕುವುದಾ, ಮಂಗಳೂರಿಗೆ ಕಳಿಸುವುದಾ? ಅಲ್ಲಿ ಕಲಿಸುವುದಾದರೂ ಏನು?"

ಗಡಿಬಿಡಿಯಲ್ಲಿರುವವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೆಮಿಸ್ಟ್ರಿಯನ್ನೇ ಹಿಡಿದು ಎಂ.ಎಸ್ಸಿ., ಪಿಎಚ್.ಡಿ. ಕಡೆಗೆ ಹೋಗುವ ಮನಸ್ಸಿದ್ದರೆ ಕಣ್ಣೂರಿನ ಪದ್ಧತಿ ಸರಿಹೊಂದುತ್ತದೆ. ಕರ್ನಾಟಕದ ಹೈಸ್ಕೂಲಿನಲ್ಲಿ ಶಿಕ್ಷಕರಾಗುವ ಅಂದಾಜಿದ್ದರೆ ಮಂಗಳೂರು ಲೇಸು. ಎಲ್ಲಿ ಸೇರಿದರೂ ಗಣಿತ ಬಿಡಬೇಡಿ. ಫೀಸು ಕಟ್ಟುವ ಮೊದಲು ಒಮ್ಮೆ ಲ್ಯಾಬ್ ನೋಡಿ ಬನ್ನಿ. ಕಾಲೇಜಿನ ಹೆಸರಿಗಿಂತ ಈ ಎರಡು ಸಂಗತಿಗಳೇ ಮುಂದೆ ಹೆಚ್ಚು ಕೆಲಸಕ್ಕೆ ಬರುತ್ತವೆ.

ಗಡಿಯ ಆಚೆ ಈಚೆ ಪದವಿಯ ಸ್ವರೂಪವೇ ಬೇರೆ. ಕೇರಳದ ವಿಶ್ವವಿದ್ಯಾನಿಲಯಗಳಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಕೆಮಿಸ್ಟ್ರಿ ಮೇಜರ್ (ಮುಖ್ಯ ವಿಷಯ) ಆದರೆ ಅದರ ಜೊತೆ ಮೈನರ್ (ಪೂರಕ) ವಿಷಯಗಳು, ಭಾಷೆಗಳು, ಬೇರೆ ವಿಭಾಗದ ಕೆಲವು ಕೋರ್ಸುಗಳು ಇರುತ್ತವೆ. ಮೂರು ವರ್ಷಕ್ಕೆ 133 ಕ್ರೆಡಿಟ್ ಮುಗಿಸಿ ಬಿ.ಎಸ್ಸಿ. ಪದವಿಯೊಂದಿಗೆ ಹೊರಬರಬಹುದು, ಇಲ್ಲವೇ ನಾಲ್ಕನೇ ವರ್ಷವೂ ಓದಿ 177 ಕ್ರೆಡಿಟ್‌ಗೆ ಆನರ್ಸ್ ಪಡೆಯಬಹುದು. ಮೊದಲ ಮೂರು ವರ್ಷ ಶೇ. 75 ಮತ್ತು ಅದಕ್ಕಿಂತ ಹೆಚ್ಚು ಬಂದವರಿಗೆ ಸಂಶೋಧನೆಯೊಂದಿಗೆ ಆನರ್ಸ್ ಎಂಬ ದಾರಿಯೂ ಇದೆ. ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದವರು ಎಂ.ಎಸ್ಸಿ. ಇಲ್ಲದೆಯೇ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಎರಡನೇ ಸೆಮಿಸ್ಟರ್ ಮುಗಿದ ಮೇಲೆ ಸೀಟಿದ್ದರೆ ಮೇಜರ್ ಬದಲಿಸಲಿಕ್ಕೂ ಅವಕಾಶ ಉಂಟು. ಫಿಸಿಕ್ಸ್ ಸಿಗದೆ ಕೆಮಿಸ್ಟ್ರಿಗೆ ಬಂದವರು ಇದನ್ನು ನೆನಪಿಟ್ಟುಕೊಳ್ಳಿ.

ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದ್ಧತಿಗೆ ಹೋಗಿ, 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಅಲ್ಲಿ ಈಗ ಹಳೆಯ ಕ್ರಮದಂತೆ ಮೂರು ವಿಷಯಗಳ ಜೋಡಣೆ: ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಇದ್ದರೆ ಪಿಸಿಎಂ, ಕೆಮಿಸ್ಟ್ರಿ, ಬಾಟನಿ, ಝುವಾಲಜಿ ಇದ್ದರೆ ಸಿಬಿಝಡ್. ಒಂದೊಂದು ವಿಷಯಕ್ಕೆ ಸಿಗುವ ಹೊತ್ತು ಕಡಿಮೆ, ಆದರೆ ಮೂರರಲ್ಲೂ ಕಾಲೂರಬಹುದು.

ದೂರದ ಲೆಕ್ಕವೂ ಇದೆ. ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರೇ ಹತ್ತಿರ. ಪೆರ್ಲದವರಿಗೆ ಪುತ್ತೂರಿನ ಬಸ್ಸು ಉಂಟು. ಬದಿಯಡ್ಕ, ಮುಳ್ಳೇರಿಯದವರು ವಿದ್ಯಾನಗರದ ಸರಕಾರಿ ಕಾಲೇಜಿಗೆ ಮನೆಯಿಂದಲೇ ಹೋಗಿಬರಬಹುದು. 1957ರಲ್ಲಿ ಶುರುವಾದ ಆ ಕಾಲೇಜಿನಲ್ಲಿ ಕನ್ನಡ ವಿಭಾಗವೂ ಇರುವುದರಿಂದ ಭಾಷಾ ಕೋರ್ಸಿಗೆ ಕನ್ನಡ ತೆಗೆದುಕೊಳ್ಳಬಹುದು. ರೈಲಿನಲ್ಲಿ ಓಡಾಡುವ ಯೋಚನೆಯಿದ್ದರೆ ಲ್ಯಾಬ್ ಎಷ್ಟು ಗಂಟೆಗೆ ಬಿಡುತ್ತದೆ, ಆಮೇಲಿನ ಗಾಡಿ ಯಾವಾಗ ಎಂದು ಮೊದಲೇ ನೋಡಿ. ರೈಲಿನ ಹೊತ್ತಾಯಿತೆಂದು ಲ್ಯಾಬ್ ಅರ್ಧಕ್ಕೆ ಬಿಟ್ಟು ಓಡುವವರು ಕಲಿಯುವುದು ಅಷ್ಟಕ್ಕಷ್ಟೆ.

ಇನ್ನು, ಕಲಿಸುವುದೇನು? ಎರಡೂ ಕಡೆ ತಿರುಳು ಒಂದೇ: ಇನಾರ್ಗಾನಿಕ್, ಆರ್ಗಾನಿಕ್, ಫಿಸಿಕಲ್, ಅನಲಿಟಿಕಲ್. ಮೊದಲ ಸೆಮಿಸ್ಟರಿನ ಪರಮಾಣು ರಚನೆ, ಆವರ್ತಕ ಕೋಷ್ಟಕ, ಬಂಧಗಳು ಪ್ಲಸ್ ಟುವಿನದ್ದೇ ಮುಂದುವರಿಕೆಯಂತೆ ಕಾಣುತ್ತವೆ. ಹಾಗೆ ಕಾಣುವುದರಿಂದಲೇ ಹುಡುಗರು ಸಡಿಲ ಬಿಡುತ್ತಾರೆ. ಎರಡನೇ ವರ್ಷ ಥರ್ಮೊಡೈನಾಮಿಕ್ಸ್‌ನಲ್ಲಿ ಪಾರ್ಷಿಯಲ್ ಡೆರಿವೇಟಿವ್ ಬರುತ್ತದೆ. ಅದರ ಬೆನ್ನಿಗೆ ಕ್ವಾಂಟಮ್ ಕೆಮಿಸ್ಟ್ರಿಯಲ್ಲಿ ಶ್ರೋಡಿಂಜರ್ ಸಮೀಕರಣವನ್ನು ಪೆಟ್ಟಿಗೆಯೊಳಗಿನ ಒಂದು ಕಣಕ್ಕೆ ಬಿಡಿಸಬೇಕಾಗುತ್ತದೆ. ಇಂಟೆಗ್ರೇಷನ್ ಗೊತ್ತಿದ್ದವರಿಗೆ ಅದು ಅರ್ಧ ಗಂಟೆಯ ಕೆಲಸ. ಗೊತ್ತಿಲ್ಲದವರು ಉತ್ತರವನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಪೆಟ್ಟಿಗೆಯ ಉದ್ದ ಎರಡು ಪಟ್ಟಾದರೆ ಶಕ್ತಿ ಏನಾಗುತ್ತದೆ ಎಂದು ಕೇಳಿದರೆ ಸಿಕ್ಕಿಬೀಳುತ್ತಾರೆ. ಅದು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಉದ್ದದ ವರ್ಗ ಛೇದದಲ್ಲಿದೆ. ಪ್ಲಸ್ ಟುವಿನಲ್ಲಿ ಗಣಿತ ಇಲ್ಲದ ಗುಂಪು ತೆಗೆದುಕೊಂಡವರು ಕೆಮಿಸ್ಟ್ರಿ ಮೇಜರ್‌ಗೆ ಬಂದರೆ ಮೈನರ್ ಆಗಿ ಗಣಿತ ಸಿಗುತ್ತದೆಯೇ ಎಂದು ಕೇಳಬೇಕು. ಸಿಗದಿದ್ದರೆ ರಜೆಯಲ್ಲೇ ಡಿಫರೆನ್ಷಿಯೇಷನ್, ಇಂಟೆಗ್ರೇಷನ್, ಲಾಗರಿದಮ್, ಮ್ಯಾಟ್ರಿಕ್ಸ್ ಇಷ್ಟನ್ನು ಸ್ವಂತವಾಗಿ ಕಲಿತುಬಿಡುವುದು ಕ್ಷೇಮ.

ಆರ್ಗಾನಿಕ್‌ನಲ್ಲಿ ಕಾಡುವುದು ಸ್ಟೀರಿಯೊ ಕೆಮಿಸ್ಟ್ರಿ. ಕಾಗದದ ಮೇಲಿನ ಚಪ್ಪಟೆ ಚಿತ್ರವನ್ನು ಮನಸ್ಸಿನಲ್ಲಿ ಮೂರು ಆಯಾಮಕ್ಕೆ ತಿರುಗಿಸಲು ಎಲ್ಲರಿಗೂ ಬರುವುದಿಲ್ಲ. ಚೆಂಡು ಕಡ್ಡಿಗಳ ಮಾಡೆಲ್ ಕಿಟ್ ಒಂದನ್ನು ಕೊಂಡು ಸೈಕ್ಲೊಹೆಕ್ಸೇನ್‌ನ ಕುರ್ಚಿ ರೂಪವನ್ನು ಕೈಯಾರೆ ಮಾಡಿ ಮಡಚಿ ನೋಡಿದರೆ ಗೈಡುಗಳಿಂದ ಆಗದ ಕೆಲಸ ಆಗುತ್ತದೆ. ಉಳಿದ ಸ್ಪೆಕ್ಟ್ರೊಸ್ಕೊಪಿ, ಕೋಆರ್ಡಿನೇಷನ್ ಸಂಯುಕ್ತಗಳು, ಪಾಲಿಮರ್ ಇತ್ಯಾದಿ ದುಡಿದರೆ ಬರುವಂಥವು.

ಲ್ಯಾಬ್ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಕಾಲೇಜಿಂದ ಕಾಲೇಜಿಗೆ ನಿಜವಾದ ವ್ಯತ್ಯಾಸ ಇರುವುದು ಅಲ್ಲೇ. ಕೇರಳದ ಹೊಸ ಪದ್ಧತಿಯಲ್ಲಿ ಪ್ರಾಕ್ಟಿಕಲ್ ಇರುವ ನಾಲ್ಕು ಕ್ರೆಡಿಟ್ ಕೋರ್ಸಿಗೆ ವಾರಕ್ಕೆ 3 ಗಂಟೆ ಪಾಠ, 2 ಗಂಟೆ ಲ್ಯಾಬ್. ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿ ಹನಿಯಾಗಿ ಬಿಟ್ಟು ಅದರ ಬಲ ಅಳೆಯುವ ಟೈಟ್ರೇಷನ್‌ಗೆ ಎರಡು ಗಂಟೆ ಸಾಕು. ಆದರೆ ಪ್ರೆಸಿಪಿಟೇಟ್ ಸೋಸಿ, ತೊಳೆದು, ಒಣಗಿಸಿ, ತೂಕ ನಿಲ್ಲುವ ತನಕ ತೂಗುವ ಗ್ರಾವಿಮೆಟ್ರಿಗೆ ಎಲ್ಲಿ ಸಾಲುತ್ತದೆ? "ಗ್ರಾವಿಮೆಟ್ರಿಯನ್ನು ಹೇಗೆ ಮಾಡಿಸುತ್ತೀರಿ?" ಎಂದು ಅಧ್ಯಾಪಕರನ್ನು ಕೇಳಿ. ಎರಡು ಪೀರಿಯಡ್ ಕೂಡಿಸುತ್ತೇವೆ ಎಂದರೆ ಒಳ್ಳೆಯದು. ಡೆಮೊ ತೋರಿಸುತ್ತೇವೆ ಎಂದರೆ ಅರ್ಥ ಮಾಡಿಕೊಳ್ಳಿ. ಒಂದು ಬ್ಯೂರೆಟ್‌ಗೆ (ಹನಿ ಬಿಡುವ ಅಳತೆಯ ಕೊಳವೆ) ಎಷ್ಟು ಮಂದಿ, ತಕ್ಕಡಿ ಮಿಲಿಗ್ರಾಮ್‌ನ ಹತ್ತನೇ ಒಂದು ಭಾಗ ತೋರಿಸುತ್ತದೆಯೇ, ಡಿಸ್ಟಿಲ್ಡ್ ವಾಟರ್ ಅಲ್ಲೇ ತಯಾರಾಗುತ್ತದೆಯೇ, ವಿಷಗಾಳಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನ ಫ್ಯಾನು ತಿರುಗುತ್ತದೆಯೇ, ಇವಿಷ್ಟು ಕಣ್ಣಿಗೆ ಬೀಳುವಂಥವೇ. ಕೊನೆಯದ್ದನ್ನು ಹೆಚ್ಚಿನವರು ಕೇಳುವುದಿಲ್ಲ. ಎಷ್ಟೋ ಕಡೆ ಹುಡ್‌ನೊಳಗೆ ಹಳೆಯ ರೆಕಾರ್ಡ್ ಪುಸ್ತಕಗಳನ್ನು ಪೇರಿಸಿಟ್ಟಿರುತ್ತಾರೆ.

ಲ್ಯಾಬಿನಲ್ಲಿ ಏನು ಕಲಿಯುತ್ತಾರೆ ಎಂಬುದಕ್ಕೆ ಪರ್ಮಾಂಗನೇಟ್ ಟೈಟ್ರೇಷನ್ ಒಂದನ್ನೇ ನೋಡೋಣ. ಆಕ್ಸಾಲಿಕ್ ಆಮ್ಲವನ್ನು 0.1 ನಾರ್ಮಲ್‌ಗೆ (ದ್ರಾವಣದ ಬಲದ ಅಳತೆ) 250 ಮಿ.ಲೀ. ಮಾಡಲು 1.576 ಗ್ರಾಂ ತೂಗಬೇಕು. ಸರಿಯಾಗಿ ಅಷ್ಟೇ ತೂಗಲು ಒದ್ದಾಡುವ ಅಗತ್ಯವಿಲ್ಲ, 1.59 ಬಂದರೆ 1.59 ಎಂದೇ ಬರೆದು ನಾರ್ಮಾಲಿಟಿ ಲೆಕ್ಕ ಹಾಕಬೇಕು. ಪರ್ಮಾಂಗನೇಟನ್ನು ತೂಗಿದ ಲೆಕ್ಕದ ಮೇಲೆ ನಂಬುವಂತಿಲ್ಲ, ಅದು ಇಟ್ಟಲ್ಲೇ ನಿಧಾನಕ್ಕೆ ಕೆಡುತ್ತದೆ. ಹಾಗಾಗಿ ಆಕ್ಸಾಲಿಕ್ ಆಮ್ಲದ ಎದುರು ಅದರ ಬಲ ಅಳೆಯುವುದು. ಬ್ಯೂರೆಟ್ಟನ್ನು ಅದಕ್ಕೆ ತುಂಬಿಸುವ ಪರ್ಮಾಂಗನೇಟ್ ದ್ರಾವಣದಿಂದಲೇ ತೊಳೆಯಬೇಕು. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ಡಿಸ್ಟಿಲ್ಡ್ ನೀರಿನಿಂದ. ಅದನ್ನೂ ಆಕ್ಸಾಲಿಕ್ ಆಮ್ಲದಿಂದ ತೊಳೆದರೆ ಪಿಪೆಟ್‌ನಲ್ಲಿ ಅಳೆದದ್ದಕ್ಕಿಂತ ಹೆಚ್ಚು ಒಳಗೆ ಉಳಿದು ಟೈಟರ್ (ಬ್ಯೂರೆಟ್‌ನಿಂದ ಬಿಟ್ಟ ದ್ರಾವಣದ ಅಳತೆ) ಏರುತ್ತದೆ. ಫ್ಲಾಸ್ಕಿಗೆ ಡೈಲ್ಯೂಟ್ ಸಲ್ಫ್ಯೂರಿಕ್ ಆಮ್ಲ ಸೇರಿಸಿ 60 ಡಿಗ್ರಿಗೆ ಬಿಸಿ ಮಾಡುವುದು. ಹೈಡ್ರೊಕ್ಲೋರಿಕ್ ಏಕೆ ಬೇಡ? ಪರ್ಮಾಂಗನೇಟ್ ಅದರ ಕ್ಲೋರೈಡನ್ನೂ ಉತ್ಕರ್ಷಿಸಿ ಕ್ಲೋರಿನ್ ಮಾಡುತ್ತದೆ, ಲೆಕ್ಕ ತಪ್ಪುತ್ತದೆ. ನೈಟ್ರಿಕ್ ತಾನೇ ಉತ್ಕರ್ಷಣಕಾರಿ.

ಮೊದಲ ಹನಿಗಳ ಬಣ್ಣ ಬೇಗ ಹೋಗುವುದಿಲ್ಲ. ಹೊಸಬರು ಅದನ್ನೇ ಎಂಡ್ ಪಾಯಿಂಟ್ ಎಂದುಕೊಂಡು ನಿಲ್ಲಿಸುತ್ತಾರೆ. ಸ್ವಲ್ಪ ಮ್ಯಾಂಗನೀಸ್ ಅಯಾನು ಹುಟ್ಟಿದ ಮೇಲೆ ಅದೇ ವೇಗವರ್ಧಕವಾಗಿ ಕೆಲಸ ಚುರುಕಾಗುತ್ತದೆ. ಕಂದು ಬಣ್ಣದ ರಾಡಿ ಕಂಡರೆ ಸಲ್ಫ್ಯೂರಿಕ್ ಆಮ್ಲ ಕಡಿಮೆಯಾಗಿದೆ ಅಥವಾ ಪರ್ಮಾಂಗನೇಟನ್ನು ಒಮ್ಮೆಲೇ ಸುರಿದಾಗಿದೆ ಎಂದೇ ಅರ್ಥ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಆ ಫ್ಲಾಸ್ಕನ್ನು ಚೆಲ್ಲಿ ಹೊಸದಾಗಿ ಶುರುಮಾಡಬೇಕು. ದ್ರಾವಣ ಕಡುಬಣ್ಣದ್ದಾದ್ದರಿಂದ ಬ್ಯೂರೆಟ್‌ನಲ್ಲಿ ಮೇಲಂಚಿನ ಅಳತೆ ಓದಬೇಕು. ಎರಡು ಸಲ ಮಾಡಿದ ಟೈಟರ್‌ಗಳ ನಡುವೆ 0.1 ಮಿ.ಲೀ.ಗಿಂತ ಹೆಚ್ಚು ಅಂತರ ಇರಬಾರದು. ಅಂತರ ಬಂದರೆ ರೆಕಾರ್ಡಿನಲ್ಲಿ ಅಂಕಿ ತಿದ್ದುವುದಲ್ಲ, ಬ್ಯೂರೆಟ್‌ನ ತುದಿಯಲ್ಲಿ ಗಾಳಿಗುಳ್ಳೆ ಇದೆಯೇ ಎಂದು ನೋಡುವುದು. ಈ ಶಿಸ್ತು ಬಂದವರನ್ನು ಪಣಂಬೂರಿನ ಗೊಬ್ಬರ ಕಾರ್ಖಾನೆಯ ಲ್ಯಾಬ್ ಇರಲಿ, ನೀರಿನ ಪರೀಕ್ಷಾಲಯ ಇರಲಿ, ಮೊದಲ ದಿನದಿಂದಲೇ ಕೆಲಸಕ್ಕೆ ಹಚ್ಚಬಹುದು.

ಕೋಟು ಹತ್ತಿಯದ್ದೇ ಇರಲಿ. ಪಾಲಿಯೆಸ್ಟರ್ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಮಳೆಗಾಲದಲ್ಲಿ ಎಲ್ಲರೂ ಚಪ್ಪಲಿಯಲ್ಲಿ ಬರುತ್ತಾರೆ. ಲ್ಯಾಬಿಗೆ ಮುಚ್ಚಿದ ಷೂ ಬೇರೆ ಇಟ್ಟುಕೊಳ್ಳಿ.

"ಇದೆಲ್ಲ ಓದಿ ನಮ್ಮ ಊರಲ್ಲಿ ಏನು ಉಪಯೋಗ?" ಎಂಬುದು ಅಡಿಕೆ ತೋಟದವರ ಉಪಪ್ರಶ್ನೆ. ಅವರ ಮನೆಯಲ್ಲೇ ಇನಾರ್ಗಾನಿಕ್ ಕೆಮಿಸ್ಟ್ರಿ ಪ್ರತಿ ಮಳೆಗಾಲ ನಡೆಯುತ್ತದೆ. ಕೊಳೆರೋಗಕ್ಕೆ ಬಿಡುವ ಶೇ. 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಲೆಕ್ಕ ಹಾಕಿದರೆ 1 ಕಿಲೊ ಮೈಲುತುತ್ತಿನಲ್ಲಿ ಸುಮಾರು 4 ಮೋಲ್ ತಾಮ್ರವಿದೆ. ಅದನ್ನು ಬೇಸಿಕ್ ಕಾಪರ್ ಸಲ್ಫೇಟ್ ಆಗಿ ಇಳಿಸಲು 3 ಮೋಲ್, ಅಂದರೆ 222 ಗ್ರಾಂ ಶುದ್ಧ ಅರಳಿದ ಸುಣ್ಣ ಸಾಕು. ಉಳಿದದ್ದೇಕೆ? ಅಂಗಡಿಯ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಅರ್ಧ ಸತ್ತಿರುತ್ತದೆ, ಜೊತೆಗೆ ಮದ್ದು ಕ್ಷಾರೀಯವಾಗಿಯೇ ಉಳಿಯಬೇಕು. ಹಿರಿಯರು ಚೂರಿಯನ್ನು ಮದ್ದಿನಲ್ಲಿ ಅದ್ದಿ ನೋಡುತ್ತಾರಲ್ಲ, ಕಬ್ಬಿಣದ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಕರಗಿದ ಸ್ಥಿತಿಯಲ್ಲೇ ಇದೆ, ಹಿಂಗಾರ ಸುಡುತ್ತದೆ, ಇನ್ನಷ್ಟು ಸುಣ್ಣ ಬೇಕು. ಪದವಿಯ ಎಲೆಕ್ಟ್ರೊಕೆಮಿಸ್ಟ್ರಿ ಪಾಠದ ಸ್ಥಾನಪಲ್ಲಟ ಕ್ರಿಯೆ ಇದೇ.

ಬಾವಿ ನೀರಿನದ್ದೂ ಹಾಗೆ. ಗಡಸುತನ ಅಳೆಯಲು 100 ಮಿ.ಲೀ. ನೀರಿಗೆ ಪಿಎಚ್ 10ರ ಅಮೋನಿಯಾ ಬಫರ್, ಎರಿಯೊಕ್ರೋಮ್ ಬ್ಲ್ಯಾಕ್ ಟಿ ಎಂಬ ಇಂಡಿಕೇಟರ್ ಹಾಕಿ 0.01 ಮೋಲಾರ್ ಇಡಿಟಿಎ ದ್ರಾವಣ ಬಿಡುವುದು, ಒಂದೊಂದು ಮಿ.ಲೀ.ಗೆ ಲೀಟರಿಗೆ 10 ಮಿ.ಗ್ರಾಂ ಗಡಸುತನ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ). ಪುಸ್ತಕದಲ್ಲಿ ವೈನ್ ಕೆಂಪಿನಿಂದ ನೀಲಿಗೆ ತಿರುಗುತ್ತದೆ ಎಂದಿರುತ್ತದೆ. ಮುರಕಲ್ಲಿನ ಬಾವಿಯ ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಅದು ಇಂಡಿಕೇಟರನ್ನು ಹಿಡಿದುಕೊಂಡು ಬಿಡುವುದಿಲ್ಲ, ಬಣ್ಣ ತಿರುಗಿತೋ ಇಲ್ಲವೋ ತಿಳಿಯುವುದಿಲ್ಲ. ಸ್ವಲ್ಪ ಟ್ರೈಎಥನಾಲಮೀನ್ ಮೊದಲೇ ಹಾಕಿದರೆ ಕಬ್ಬಿಣವನ್ನು ಅದು ಕಟ್ಟಿಹಾಕುತ್ತದೆ. ಪ್ರಾಜೆಕ್ಟಿಗೆ ವಿಷಯ ಹುಡುಕುವ ಹುಡುಗರಿಗೆ ಇಂಥದ್ದು ನೂರು ಸಿಗುತ್ತವೆ. 2000ದ ತನಕ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್‌ನ ಆಲ್ಫಾ, ಬೀಟಾ ಐಸೋಮರುಗಳು, ಮಣ್ಣಿನಲ್ಲಿ ಅದು ಉತ್ಕರ್ಷಣಗೊಂಡು ಆಗುವ ಎಂಡೋಸಲ್ಫಾನ್ ಸಲ್ಫೇಟ್, ಅದನ್ನು ಪತ್ತೆ ಮಾಡುವ ಗ್ಯಾಸ್ ಕ್ರೊಮ್ಯಾಟೊಗ್ರಫಿ, ಇವನ್ನು ಕಾಸರಗೋಡಿನ ಕೆಮಿಸ್ಟ್ರಿ ವಿದ್ಯಾರ್ಥಿ ತಿಳಿದಿರಲೇಬೇಕು ಎಂಬುದು ನನ್ನ ಹಠ.

ಇನ್ನು ಕೆಲಸ. ಕೇರಳ ಪಿಎಸ್‌ಸಿ ಕಾಸರಗೋಡು ಜಿಲ್ಲೆಗೆ ಕನ್ನಡ ಮಾಧ್ಯಮದ ಫಿಸಿಕಲ್ ಸಯನ್ಸ್ ಹೈಸ್ಕೂಲ್ ಶಿಕ್ಷಕರ ಹುದ್ದೆಗೆ ಪ್ರತ್ಯೇಕವಾಗಿಯೇ ಅರ್ಜಿ ಕರೆಯುತ್ತದೆ. ಅದಕ್ಕೆ ಫಿಸಿಕ್ಸ್ ಅಥವಾ ಕೆಮಿಸ್ಟ್ರಿ ಪದವಿ, ಬಿ.ಎಡ್., ಕೆ-ಟೆಟ್ (ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ) ಬೇಕು. ಕರ್ನಾಟಕದ ಹೈಸ್ಕೂಲ್ ಹುದ್ದೆಗಳು ಪಿಸಿಎಂ, ಸಿಬಿಝಡ್ ಎಂದೇ ಬರುತ್ತವೆ. ಒಂದೇ ಮೇಜರ್‌ನ ಪದವಿ ಹಿಡಿದು ಹೋದವರಿಗೆ ಅಲ್ಲಿ ತೊಡಕು. ರಿಫೈನರಿಗಳ ಅಪ್ರೆಂಟಿಸ್ ಜಾಹೀರಾತುಗಳಲ್ಲಿ ಅಟೆಂಡೆಂಟ್ ಆಪರೇಟರ್ ಟ್ರೇಡ್‌ಗೆ ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರನ್ನೂ ಕೇಳುವುದು ಸಾಮಾನ್ಯ. ಗಣಿತ ಬಿಡಬೇಡಿ ಎಂದದ್ದು ಇದಕ್ಕೂ ಸೇರಿಸಿಯೇ. ಎಂ.ಎಸ್ಸಿ.ಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೆ ಹೋಗಬೇಕಾದರೆ ಸಿಯುಇಟಿ ಪಿಜಿ, ಐಐಟಿಗಳಿಗೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಎರಡಕ್ಕೂ ಮೂರನೇ ವರ್ಷದ ಶುರುವಿನಲ್ಲೇ ತಯಾರಿ ಆರಂಭಿಸಿ.

ಗಡಿ ದಾಟಿ ಓದುವವರು ಕಾಗದಪತ್ರದ ವಿಷಯದಲ್ಲಿ ಉದಾಸೀನ ಮಾಡಬಾರದು. ಕೇರಳದ ಪ್ಲಸ್ ಟು ಮುಗಿಸಿ ಮಂಗಳೂರಿಗೆ ಹೋಗುವಾಗ ಅರ್ಹತಾ ಪತ್ರ ಬೇಕೇ ಎಂದು ಕಾಲೇಜಿನ ಆಫೀಸಿನಲ್ಲಿ ಮೊದಲ ದಿನವೇ ಕೇಳಿ. ಅಲ್ಲಿಂದ ಪದವಿ ಮುಗಿಸಿ ಎಂ.ಎಸ್ಸಿ.ಗೆ ಈ ಕಡೆ ಬರುವಾಗ ಮೈಗ್ರೇಷನ್ ಸರ್ಟಿಫಿಕೇಟ್ ತೆಗೆದಿಟ್ಟುಕೊಳ್ಳಿ, ಪದವಿಯ ಸಮಾನತೆ ಕೇಳಿದರೆ ತೋರಿಸಲು ಆರೂ ಸೆಮಿಸ್ಟರಿನ ಸಿಲೆಬಸ್ಸಿನ ಪ್ರತಿಗೆ ಕಾಲೇಜಿನ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಸಿಲೆಬಸ್ ಬದಲಾದ ಮೇಲೆ ಹಳೆಯದನ್ನು ವೆಬ್‌ಸೈಟಿನಲ್ಲಿ ಹುಡುಕುವುದು ತಲೆನೋವು. ಕೊನೆಯ ಪರೀಕ್ಷೆಯ ಹಾಲ್ ಟಿಕೆಟ್ ತರಲು ಹೋದ ದಿನವೇ ಈ ಕೆಲಸ ಮುಗಿಸಿಬಿಡಿ.