ಪಟ್ಟಿಗೆ ನಾನೇ ಸೇರಿಸಿದ ಸಾಲು

ಕಳೆದ ವರ್ಷ, ಇದ್ದ ಕೆಲಸ ಬಿಟ್ಟು ಹೊಸದಕ್ಕೆ ಹೋಗಬೇಕೋ ಬೇಡವೋ ಎಂದು ಮೂರು ವಾರ ಒದ್ದಾಡಿದೆ. ಕೊನೆಗೆ ಒಂದು ಹಾಳೆಯ ನಡುವೆ ಗೆರೆ ಎಳೆದು ಸಂಬಳ, ಓಡಾಟ, ರಜೆ, ಎಲ್ಲಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿದೆ. ಹಳೆಯ ಕೆಲಸವೇ 6 ಅಂಕ ಮುಂದಿತ್ತು. ಯಾಕೋ ಸಮಾಧಾನ ಆಗಲಿಲ್ಲ. ‘ಹೊಸದು ಕಲಿಯುವ ಅವಕಾಶ’ ಅಂತ ಇನ್ನೊಂದು ಸಾಲು ಸೇರಿಸಿದೆ. ಹೊಸದಕ್ಕೆ 9, ಹಳೆಯದಕ್ಕೆ 2. ಈಗ ಹೊಸದು 1 ಅಂಕ ಮುಂದೆ. ಪೆನ್ನು ಕೆಳಗಿಟ್ಟೆ.

ಹಾಳೆ ನೋಡಿ ಗೆಳೆಯ ನಕ್ಕ. “ಮೀಟಿಂಗ್‌ನಲ್ಲಿ ಎಲ್ಲರೆದುರು ನಿನ್ನ ಬಾಯಿ ಮುಚ್ಚಿಸಿದರಲ್ಲ, ನೀನು ಕೆಲಸ ಬಿಟ್ಟಿದ್ದು ಅವತ್ತೇ. ಈ ಲೆಕ್ಕ ಎಲ್ಲಾ ಸುಮ್ನೆ.”

ಸಿಟ್ಟು ಬಂತು. ನಿಜ ಇತ್ತಲ್ಲ, ಅದಕ್ಕೆ.

ನಾನೊಬ್ಬನೇ ಹೀಗಲ್ಲ ಅನ್ನುವುದೊಂದು ಸಮಾಧಾನ. ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ ಎಂಬ ಮನಶ್ಶಾಸ್ತ್ರಜ್ಞರು 1977ರ ಲೇಖನವೊಂದರಲ್ಲಿ ಹೀಗೆ ಬರೆದಿದ್ದಾರೆ. ಸಾಲಾಗಿ ಇಟ್ಟ 4 ಜೊತೆ ಕಾಲುಚೀಲಗಳಲ್ಲಿ ಒಳ್ಳೆಯದನ್ನು ಆರಿಸಿ ಎಂದರೆ ಉಳಿದವಕ್ಕಿಂತ ಬಲತುದಿಯದನ್ನೇ ಹೆಚ್ಚು ಜನ ಆರಿಸಿದರು. ನಾಲ್ಕೂ ಒಂದೇ ಥರದವು! ಇಟ್ಟ ಜಾಗದಿಂದಾಗಿ ಆರಿಸಿದೆ ಅಂತ ಒಬ್ಬರೂ ತಾವಾಗಿ ಹೇಳಲಿಲ್ಲ. ನನ್ನ ‘ಕಲಿಯುವ ಅವಕಾಶ’ವೂ ಇದೇ ಜಾತಿಯದು.

ಗೆಳೆಯ ಅಷ್ಟಕ್ಕೇ ನಿಲ್ಲಿಸಲಿಲ್ಲ. ಯಾವತ್ತೂ ಜೋರಾದ ಆಸೆಯೇ ಗೆಲ್ಲುವುದು, ಆಯ್ಕೆ ಅನ್ನುವುದೇ ಇಲ್ಲ ಎಂದ. ಯಾವುದು ಜೋರು ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. “ಗೆದ್ದದ್ದೇ ಜೋರು.” ಪಂದ್ಯ ಮುಗಿದ ಮೇಲೆ ಭವಿಷ್ಯ ಹೇಳಿದ ಹಾಗಾಯಿತು ಇದು. ಸೋಲುವುದೇ ಸಾಧ್ಯವಿಲ್ಲದ ವಾದ. ಆದರೆ ಅದರಿಂದ ನನಗೆ ಹೊಸದೇನೂ ತಿಳಿಯಲಿಲ್ಲ. ಮೆದುಳಿನ ವಿಷಯ ತೆಗೆದ. ಬೆರಳು ಅಲ್ಲಾಡಿಸಬೇಕು ಅಂತ ನಮಗೆ ಅನಿಸುವ ಮೊದಲೇ ಮೆದುಳಿನಲ್ಲಿ ಸಿದ್ಧತೆ ಶುರುವಾಗುತ್ತದೆ ಎಂದು ಬೆಂಜಮಿನ್ ಲಿಬೆಟ್ ಎಂಬ ವಿಜ್ಞಾನಿ 1983ರಲ್ಲಿ ತೋರಿಸಿದರಂತೆ. ಇರಬಹುದು. ಆದರೆ ಬೆರಳಿಗೆ ಮೂರು ವಾರದ ಒದ್ದಾಟ ಎಲ್ಲಿದೆ?

ಅವನು ಹೋದ ಮೇಲೆ ಆ ಸಾಲನ್ನು ಹೊಡೆದುಹಾಕಿ, ಅಲ್ಲಿ ‘ಅವಮಾನ’ ಅಂತ ಬರೆದೆ. ಅಂಕ ಹಾಕಲು ಹೋದರೆ 9 ಹಾಕಲು ಕೈ ಬರಲಿಲ್ಲ. ಹೆಸರಿಟ್ಟು ನೋಡಿದಾಗ ಅದು ಸ್ವಲ್ಪ ಚಿಕ್ಕದಾಗಿ ಕಂಡಿತು. ಜಾಸ್ತಿ ಅಂದರೆ 4.

ಹಳೆಯ ಕೆಲಸದಲ್ಲೇ ಇದ್ದೇನೆ. ಇದಕ್ಕೂ ಗೆಳೆಯನ ಹತ್ತಿರ ಕಾರಣ ರೆಡಿ: ಅವನ ಮಾತು ಸುಳ್ಳು ಮಾಡಬೇಕು ಅನ್ನುವ ಹಠವಂತೆ.